ದುರ್ಗಸಿಂಹನ ಪಕ್ಕದಲ್ಲಿ ಬೇತಾಳ

ಕನ್ನಡ ಎಂ.ಎ. ತರಗತಿಯಲ್ಲಿ ದುರ್ಗಸಿಂಹನ ಪಂಚತಂತ್ರವನ್ನು ಪಾಠ ಹೇಳುವ ಪ್ರಾಧ್ಯಾಪಕರು ಅದಕ್ಕಾಗಿ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಅದು 11ನೆಯ ಶತಮಾನದ ಚಂಪೂ ಕೃತಿ. ವಸುಭಾಗಭಟ್ಟನ ಪರಂಪರೆಯನ್ನು ಹಿಡಿದು ಬಂದದ್ದು. ವಿಷ್ಣುಶರ್ಮನ ಹೆಸರಿನಲ್ಲಿ ಪ್ರಚಾರದಲ್ಲಿರುವ ಪಾಠದಲ್ಲಿ ಸಿಗದ ಕಥೆಗಳೂ ಅದರಲ್ಲಿವೆ. ಆದರೆ ಅದರ ಒಳಗೆ ಇರುವವರು ಯಾರು? ಮಾತಾಡುವ ಎತ್ತು, ಸಂಚು ಹೂಡುವ ನರಿ, ಚಾಡಿಮಾತು ನಂಬಿ ಕೆಟ್ಟ ಸಿಂಹ. ಅದರ ಹೊರಚೌಕಟ್ಟು ಏನು? ಓದು ತಲೆಗೆ ಹತ್ತದ ರಾಜಕುಮಾರರಿಗೆ ಕಥೆಯ ನೆಪದಲ್ಲಿ ಬುದ್ಧಿ ಕಲಿಸುವುದು. ಎಳೆಯರಿಗೆ ಹೇಳಿದ ಕಥೆ ಎಂಬ ನೆಲೆಯಲ್ಲಿಯೇ ಕಟ್ಟಿದ ಒಂದು ಗ್ರಂಥವನ್ನು ನಮ್ಮ ವಿಶ್ವವಿದ್ಯಾಲಯಗಳು ಮೊದಲಿನಿಂದಲೂ ಗೌರವದಿಂದ ಓದುತ್ತಾ ಬಂದಿವೆ. ಕಥೆಗೆ ಸಾವಿರ ವರ್ಷ ವಯಸ್ಸಾಗಿದ್ದರೆ ನಮಗೆ ಸಂಕೋಚವಾಗುವುದಿಲ್ಲ. ಐವತ್ತು ವರ್ಷವಾಗಿದ್ದರೆ ಆಗುತ್ತದೆ. ಈ ಸಂಕೋಚಕ್ಕೆ ಆಧಾರವಿದೆಯೇ ಎಂಬುದೇ ಇವತ್ತಿನ ನನ್ನ ಮಾತಿನ ವಿಷಯ. ಮಕ್ಕಳು ಮುಗಿಬಿದ್ದು ಓದಿದ ಜನಪ್ರಿಯ ಕಥೆಗಳನ್ನು ಸಾಹಿತ್ಯದ ಪ್ರಾಧ್ಯಾಪಕರು ತಮ್ಮ ಅಧ್ಯಯನದ ವಸ್ತುವಾಗಿ ಎತ್ತಿಕೊಳ್ಳಬೇಕೆ? ಎತ್ತಿಕೊಳ್ಳಲೇಬೇಕು ಎಂಬುದು ನನ್ನ ವಾದ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತೇನೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈ ತಿಂಗಳಲ್ಲಿ ಮದರಾಸಿನಿಂದ ತೆಲುಗು ಮತ್ತು ತಮಿಳಿನಲ್ಲಿ ಒಂದು ಮಕ್ಕಳ ಮಾಸಪತ್ರಿಕೆ ಆರಂಭಿಸಿದರು. 1949ರಲ್ಲಿ ಅದು ಕನ್ನಡದಲ್ಲೂ ಬಂತು. ಅದೇ ಚಂದಮಾಮ. ತೆಲುಗಿನ ಹೆಸರಾಂತ ಲೇಖಕ ಕೊಡವಟಿಗಂಟಿ ಕುಟುಂಬರಾವ್ 1952ರಿಂದ 1980ರಲ್ಲಿ ತೀರಿಕೊಳ್ಳುವ ತನಕ ಅದರ ಸಂಪಾದಕತ್ವದ ಹೊಣೆ ಹೊತ್ತಿದ್ದರು. ಕನ್ನಡಿಗ ಕಲಾವಿದ ಎಂ.ಟಿ.ವಿ. ಆಚಾರ್ಯ ಅದಕ್ಕೆ ಬಣ್ಣದ ಮುಖಪುಟಗಳನ್ನು ಬರೆದರು. ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ಬೇತಾಳ ಕಥೆಗಳ ರಾಜ ವಿಕ್ರಮನ ಚಿತ್ರವನ್ನು ಬರೆದವರು ಶಂಕರ್. ಆ ಒಂದು ಚಿತ್ರವನ್ನು ಕಂಡ ಕೂಡಲೇ ಗುರುತಿಸುವ ಕನ್ನಡಿಗರ ತಲೆಮಾರುಗಳೇ ಇವೆ. ಶಾಲೆಯ ಪಠ್ಯವನ್ನು ಬಿಟ್ಟರೆ ಹಳ್ಳಿಯ ಮನೆಯೊಳಕ್ಕೆ ಬಂದ ಮೊದಲ ಅಚ್ಚಿನ ಕಥೆ ಎಷ್ಟೋ ಜನರಿಗೆ ಇದೇ ಆಗಿತ್ತು. ಇಷ್ಟು ಓದಿಸಿಕೊಂಡ ಬರವಣಿಗೆಯ ಬಗ್ಗೆ ನಮ್ಮಲ್ಲಿ ನೆನಪಿನ ಲೇಖನಗಳು ಬೇಕಾದಷ್ಟಿವೆ; ಸಾಲುಸಾಲಾಗಿ ಓದಿ ಬರೆದ ವಿಮರ್ಶೆ ತೀರಾ ಕಡಿಮೆ.

ಇಲ್ಲಿ ಮೊದಲು ಬಿಡಿಸಬೇಕಾದ ಗಂಟೊಂದಿದೆ. ಒಂದು ಕೃತಿಯನ್ನು ಅಧ್ಯಯನ ಮಾಡುವುದೆಂದರೆ ಅದಕ್ಕೆ ಮನ್ನಣೆ ಕೊಡುವುದು, ಪಂಪ ಕುಮಾರವ್ಯಾಸರ ಸಾಲಿನಲ್ಲಿ ಕೂರಿಸುವುದು ಎಂದು ನಾವು ತಿಳಿದುಕೊಂಡಿದ್ದೇವೆ. ಇದು ಸರಿಯಲ್ಲ. ಕನ್ನಡ ವಿದ್ವಾಂಸರು ಶಾಸನಗಳನ್ನು ಓದುತ್ತಾರೆ. ಹಲ್ಮಿಡಿ ಶಾಸನವನ್ನು ಅಕ್ಷರ ಅಕ್ಷರ ಬಿಡಿಸಿ ಓದಿದವರು ಅದರಲ್ಲಿ ಮಹಾಕಾವ್ಯದ ಸೊಗಸನ್ನು ಹುಡುಕಲಿಲ್ಲ. ದಾನ ಕೊಟ್ಟವನು ಯಾರು, ಪಡೆದವನು ಯಾರು, ಆಗ ಕನ್ನಡ ಹೇಗಿತ್ತು, ಅದರ ಮೇಲೆ ಸಂಸ್ಕೃತದ ನೆರಳು ಎಷ್ಟು ಬಿದ್ದಿತ್ತು ಎಂದು ಕೇಳಿದರು. ಕಲ್ಲಿನ ಮೇಲಿನ ಬರಹಕ್ಕೆ ಈ ಪ್ರಶ್ನೆಗಳು ಸಲ್ಲುವುದಾದರೆ ಅಗ್ಗದ ಕಾಗದದ ಮೇಲಿನ ಬರಹಕ್ಕೂ ಸಲ್ಲುತ್ತವೆ. ಮಕ್ಕಳ ಸಾಹಿತ್ಯದ ವಿಷಯದಲ್ಲಿ ನಮ್ಮ ಪರಿಸ್ಥಿತಿ ತಿರುಗುಮುರುಗಾಗಿದೆ. ಮನ್ನಣೆಗೆ ಕೊರತೆಯಿಲ್ಲ: ಮಕ್ಕಳ ಸಾಹಿತಿ ಪಂಜೆ ಮಂಗೇಶರಾಯರು 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯಕ್ಕೆ ಪುರಸ್ಕಾರ ಕೊಡುತ್ತಿದೆ, ಬೊಳುವಾರು ಮಹಮದ್ ಕುಂಞಿ, ನಾ. ಡಿಸೋಜ ಅವರಂಥವರಿಗೆ ಅದು ಸಂದಿದೆ. ಹಾರ ಹಾಕಿದ್ದೇವೆ, ಶಾಲು ಹೊದಿಸಿದ್ದೇವೆ; ಪುಸ್ತಕವನ್ನು ಬಿಚ್ಚಿ ಕುಳಿತು ಅದರ ಜೊತೆ ವಾದ ಮಾಡಿಲ್ಲ. ಸಂಶೋಧನೆ ನಡೆದೇ ಇಲ್ಲ ಎನ್ನುತ್ತಿಲ್ಲ. ನಡೆದದ್ದರಲ್ಲಿ ಹೆಚ್ಚಿನದು ಶಿಶುಗೀತೆಗಳತ್ತ, ಇತಿಹಾಸದ ಪಟ್ಟಿಗಳತ್ತ ವಾಲಿದೆ. ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗಿ ಓದಿದ ಕಥೆ ಕಾದಂಬರಿಗಳು ಹೊರಗೇ ನಿಂತಿವೆ.

ಎಲ್ಲರೂ ಮೊದಲು ಎತ್ತುವ ಆಕ್ಷೇಪ ಇದು: ಈ ಕಥೆಗಳು ಸರಳ, ಒಂದು ಗಂಟೆಯ ಪಾಠಕ್ಕೆ ಸಾಕಾಗುವಷ್ಟೂ ಅವುಗಳಲ್ಲಿ ಇಲ್ಲ. ಹಾಗಾದರೆ ಬೇತಾಳನ ಕಥೆಯನ್ನೇ ತೆಗೆದುಕೊಳ್ಳೋಣ. 11ನೆಯ ಶತಮಾನದ ಕಾಶ್ಮೀರದಲ್ಲಿ ಸೋಮದೇವ ಬರೆದ ಕಥಾಸರಿತ್ಸಾಗರದಲ್ಲಿ ಈ ಕಥಾಮಾಲೆ ಇದೆ. ರಾಜ ಮರದಿಂದ ಹೆಣ ಇಳಿಸಿ ಹೊತ್ತು ನಡೆಯುತ್ತಾನೆ. ಹೆಣದೊಳಗಿನ ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ; ಹೇಳಿದರೆ ಮೌನ ಮುರಿದು ಹೆಣ ಮತ್ತೆ ಮರಕ್ಕೆ. ಇದು ಎಂಥ ಯಂತ್ರ ನೋಡಿ. ತಿಳಿದವನಿಗೆ ಬಿಡುಗಡೆಯಿಲ್ಲ, ತಿಳಿವೇ ಅವನನ್ನು ಮತ್ತೆ ಮತ್ತೆ ಮರದ ಬುಡಕ್ಕೆ ಎಳೆದು ತರುತ್ತದೆ. ಕೊನೆಗೆ ಅದು ನಿಲ್ಲುವುದು ಹೇಗೆ? ಬೇತಾಳ ಹೇಳುವ ಕೊನೆಯ ಕಥೆಯಲ್ಲಿ ತಂದೆ ಮಗ ಇಬ್ಬರೂ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗುರುತು ನೋಡಿ, ದೊಡ್ಡ ಪಾದದವಳನ್ನು ತಂದೆ, ಚಿಕ್ಕ ಪಾದದವಳನ್ನು ಮಗ ಮದುವೆಯಾಗುವುದೆಂದು ಮಾತಾಡಿಕೊಳ್ಳುತ್ತಾರೆ. ದೊಡ್ಡ ಪಾದದವಳು ಮಗಳು, ಚಿಕ್ಕ ಪಾದದವಳು ತಾಯಿ ಎಂದು ಆಮೇಲೆ ತಿಳಿಯುತ್ತದೆ. ಆದರೂ ಕೊಟ್ಟ ಮಾತು ತಪ್ಪದೆ ಮದುವೆಗಳಾಗುತ್ತವೆ. ಅವರಿಗೆ ಹುಟ್ಟಿದ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜನಿಗೆ ಹೊಳೆಯುವುದಿಲ್ಲ. ಮೊದಲ ಬಾರಿಗೆ ಅವನು ಸುಮ್ಮನೆ ನಡೆಯುತ್ತಾನೆ. ಆ ಮೌನವೇ ಅವನನ್ನು ಬಿಡಿಸುತ್ತದೆ. ಎಲ್ಲವನ್ನೂ ಬಲ್ಲ ರಾಜ ತನಗೆ ತಿಳಿಯದ್ದೊಂದು ಇದೆ ಎಂಬಲ್ಲಿಗೆ ಬಂದು ಮುಟ್ಟಿದಾಗ ಕಥೆ ಮುಗಿಯುತ್ತದೆ.

ಈಗ ಇದೇ ಚೌಕಟ್ಟು ಮಾಸಪತ್ರಿಕೆಗೆ ಬಂತು. ಮೂಲದ ಕಥೆಗಳು ಇಪ್ಪತ್ತೈದು. ತಿಂಗಳಿಗೊಂದರಂತೆ ಹಾಕಿದರೆ ಎರಡು ವರ್ಷಕ್ಕೆ ಮುಗಿದು ಹೋಗುತ್ತವೆ. ಚಂದಮಾಮದಲ್ಲಿ ಬೇತಾಳ ದಶಕಗಳ ಕಾಲ ನಡೆಯಿತು. ಚೌಕಟ್ಟನ್ನು ಉಳಿಸಿಕೊಂಡು ಒಳಗೆ ಹೊಸ ಹೊಸ ಕಥೆಗಳನ್ನು ಹೆಣೆಯುತ್ತಾ ಹೋದರು. ಮೊದಲ ಸಾಲು, ಕೊನೆಯ ಸಾಲು ಹೆಚ್ಚುಕಡಿಮೆ ಅದೇ. ಹರಿಕಥೆಯ ದಾಸರು ಪೀಠಿಕೆ ಮಂಗಳಗಳ ನಡುವೆ ಪ್ರಸಂಗವನ್ನು ಬದಲಿಸುವಂತೆ ಇಲ್ಲಿಯೂ ನಡುವಿನ ಭಾಗ ಮಾತ್ರ ಬದಲಾಗುತ್ತಿತ್ತು. ಈ ಬದಲಾವಣೆ ವ್ಯಾಪಾರದ ಅಗತ್ಯದಿಂದ ಆದದ್ದು ನಿಜ. ಆದರೆ ಅದರ ಪರಿಣಾಮ ಕಥೆಯ ಅರ್ಥದ ಮೇಲೆ ಆಯಿತು. ಮಾಸಪತ್ರಿಕೆಗೆ ಮೌನ ಒಗ್ಗುವುದಿಲ್ಲ. ರಾಜ ಸುಮ್ಮನಾದರೆ ಮುಂದಿನ ತಿಂಗಳ ಕಥೆ ಇಲ್ಲ. ಆದ್ದರಿಂದ ರಾಜನಿಗೆ ಪ್ರತಿ ಸಲವೂ ಉತ್ತರ ಗೊತ್ತಿರಬೇಕು. ಎಂಥ ಧರ್ಮಸಂಕಟಕ್ಕೂ ಒಂದೇ ಒಂದು ಸರಿಯಾದ ಉತ್ತರವಿದೆ, ಅದನ್ನು ಬಲ್ಲವನು ರಾಜ, ಅವನು ಹೇಳಿದ ಮೇಲೆ ಬೇತಾಳವೂ ಎದುರಾಡುವುದಿಲ್ಲ ಎಂಬ ಪಾಠ ಹತ್ತು ವರ್ಷದ ಓದುಗನಿಗೆ ತಿಂಗಳು ತಿಂಗಳೂ ಸಿಗುತ್ತದೆ. ಜೊತೆಗೆ ಇನ್ನೊಂದು, ಒಳ್ಳೆಯ ಪಾಠವೂ ಸಿಗುತ್ತದೆ: ಕಥೆ ಮುಗಿದ ಮೇಲೆ ಪ್ರಶ್ನೆ ಇರುತ್ತದೆ, ಪಾತ್ರಗಳಲ್ಲಿ ಯಾರು ದೊಡ್ಡವರೆಂದು ತೂಗಿ ನೋಡಬೇಕು, ಉತ್ತರ ಓದುವ ಮುಂಚೆ ತಾನೇ ಒಂದು ಕ್ಷಣ ಯೋಚಿಸಬೇಕು. ಸಾಹಿತ್ಯ ವಿಮರ್ಶೆಯ ಮೊದಲ ಅಭ್ಯಾಸ ಇದಕ್ಕಿಂತ ಬೇರೆಯೇನಲ್ಲ. ಎರಡು ಪಾಠಗಳೂ ಒಂದೇ ಪುಟದಲ್ಲಿವೆ, ಒಂದಕ್ಕೊಂದು ವಿರುದ್ಧವಾಗಿವೆ. ಇದನ್ನು ಬಿಡಿಸಿ ಹೇಳಲು ಒಂದು ಗಂಟೆ ಸಾಲದು.

ಇದೇ ಎಳೆ ನಮ್ಮ ಪಠ್ಯಕ್ರಮದೊಳಗೆ ಈಗಾಗಲೇ ಬಂದಿದೆ ಎಂಬುದನ್ನೂ ಗಮನಿಸಬೇಕು. ಗಿರೀಶ ಕಾರ್ನಾಡರ ಹಯವದನ ನಾಟಕವನ್ನು ದೇಶದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಓದುತ್ತಾರೆ. ಇಬ್ಬರು ಗಂಡಸರ ತಲೆಗಳು ಅದಲುಬದಲಾದ ಆ ಕಥೆ ಮೂಲದಲ್ಲಿ ಬೇತಾಳ ಹೇಳಿದ್ದು. ಗಂಡ ಯಾರು ಎಂಬ ಪ್ರಶ್ನೆಗೆ, ಅಂಗಗಳಲ್ಲಿ ತಲೆಯೇ ಮುಖ್ಯ, ಗಂಡನ ತಲೆ ಯಾರಿಗಿದೆಯೋ ಅವನೇ ಗಂಡ ಎಂದು ರಾಜ ತೀರ್ಪು ಕೊಡುತ್ತಾನೆ. 1940ರಲ್ಲಿ ಜರ್ಮನಿಯ ಥಾಮಸ್ ಮನ್ ಆ ತೀರ್ಪನ್ನು ಒಪ್ಪದೆ ಕಥೆಯನ್ನು ಮುಂದುವರಿಸಿದ. ಕಾರ್ನಾಡರು ಅದನ್ನು ಇನ್ನೂ ಬೇರೆ ಕಡೆಗೆ ತಿರುಗಿಸಿದರು. ತರಗತಿಯಲ್ಲಿ ನಾವು ಸೋಮದೇವನಿಂದ ಮನ್‌ಗೆ, ಮನ್‌ನಿಂದ ಕಾರ್ನಾಡರಿಗೆ ಹಾದಿ ಹಾಕುತ್ತೇವೆ. 1970ರ ದಶಕದಲ್ಲಿ ಆ ನಾಟಕ ನೋಡಲು ಕುಳಿತ ಕನ್ನಡ ಪ್ರೇಕ್ಷಕರಲ್ಲಿ ಸೋಮದೇವನನ್ನು ಓದಿದವರು ಎಷ್ಟು ಜನ? ಬೇತಾಳನ ಪ್ರಶ್ನೆಗೆ ರಾಜನ ಉತ್ತರ ಸಿಕ್ಕೇ ಸಿಗುತ್ತದೆ ಎಂಬ ನಿರೀಕ್ಷೆಯನ್ನು ಅವರಲ್ಲಿ ಬೆಳೆಸಿದ್ದು ಮಕ್ಕಳ ಪತ್ರಿಕೆ. ಆ ನಿರೀಕ್ಷೆ ಮುರಿದು ಬಿದ್ದದ್ದರಿಂದಲೇ ನಾಟಕ ಅಷ್ಟು ಆಳವಾಗಿ ತಟ್ಟಿತು ಎಂದು ನಾನು ತಿಳಿಯುತ್ತೇನೆ. ಪ್ರೇಕ್ಷಕನ ತಲೆಯಲ್ಲಿ ಮೊದಲೇ ಏನು ಕುಳಿತಿತ್ತು ಎಂದು ತಿಳಿಯದೆ ನಾಟಕದ ಪರಿಣಾಮವನ್ನು ವಿವರಿಸಲು ಹೊರಟರೆ ಅರ್ಧ ವಿಷಯ ಕೈಬಿಟ್ಟುಹೋಗುತ್ತದೆ.

ಅಮರ ಚಿತ್ರಕಥೆ ಎಂಬ ಮಕ್ಕಳ ಚಿತ್ರಪುಸ್ತಕ ಮಾಲೆಯ ವಿಷಯದಲ್ಲಿ ಇಂಥ ಕೆಲಸ ನಡೆದಿದೆ, ಅದರಿಂದ ನಾವು ಕಲಿಯಬಹುದು. ಅದನ್ನು ಕಟ್ಟಿ ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದವರು. ಆ ಮಾಲೆಯ ಮೊದಲ ಹತ್ತು ಸಂಚಿಕೆಗಳು ಪಾಶ್ಚಾತ್ಯ ಕಥೆಗಳ ಕನ್ನಡ ರೂಪಗಳಾಗಿದ್ದವು. ಕೃಷ್ಣನ ಕಥೆ ಬಂದದ್ದು ಹನ್ನೊಂದನೆಯ ಸಂಖ್ಯೆಯಾಗಿ. ಈ ಪುಸ್ತಕಗಳನ್ನು ನಂದಿನಿ ಚಂದ್ರ 2008ರಲ್ಲಿ, ಕಾರ್ಲೀನ್ ಮೆಕ್ಲೇನ್ 2009ರಲ್ಲಿ ಒಂದೊಂದು ಇಡೀ ಗ್ರಂಥದ ವಸ್ತುವಾಗಿ ಮಾಡಿಕೊಂಡರು. ಇಬ್ಬರೂ ವಿಶ್ವವಿದ್ಯಾಲಯಗಳಲ್ಲಿ ಪಾಠ ಹೇಳುವವರು. ಅಸುರರಿಗೆ ಯಾವ ಮೈಬಣ್ಣ, ಯಾವ ದೇಹದಾರ್ಢ್ಯ, ವೀರರಾಣಿಯರಿಗೂ ಪತಿವ್ರತೆಯರಿಗೂ ಯಾವ ಬಗೆಯ ಮುಖಭಾವ, ಇತಿಹಾಸದ ಯಾವ ರಾಜ ರಾಷ್ಟ್ರವೀರನಾಗುತ್ತಾನೆ, ಯಾವ ಜಾತಿಯವರು ಚೌಕದ ಅಂಚಿಗೆ ಸರಿಯುತ್ತಾರೆ ಎಂಬಂಥ ಪ್ರಶ್ನೆಗಳು ಈ ಬಗೆಯ ಓದಿನಿಂದ ಎದ್ದವು. ಅಸುರ ಎಂದರೆ ಕಪ್ಪು ಮೈಯ ಸ್ಥೂಲಕಾಯದವನು ಎಂಬ ಚಿತ್ರ ಲಕ್ಷಾಂತರ ಮಕ್ಕಳ ಕಣ್ಣಿನಲ್ಲಿ ಕೂತಿದೆ ಎಂದರೆ ಅದು ಸಣ್ಣ ಸಂಗತಿಯಲ್ಲ. ಹಾಗೆಂದು ಆ ಮಾಲೆಯನ್ನು ಯಾರೂ ಸುಟ್ಟುಹಾಕಬೇಕಾಗಿಲ್ಲ. ಅದು ಒಂದು ಪೀಳಿಗೆಗೆ ಪುರಾಣವನ್ನು ತಲುಪಿಸಿತು, ಅಜ್ಜಿ ಇಲ್ಲದ ಮನೆಗಳಲ್ಲಿ ಅಜ್ಜಿಯ ಕೆಲಸ ಮಾಡಿತು. ಹೊಗಳಿಕೆ ತೆಗಳಿಕೆಗಳೆರಡಕ್ಕೂ ಆಧಾರ ಒದಗಿಸುವ ಓದು ಬೇಕು. ಕನ್ನಡದಲ್ಲಿ ಮೊದಲ ಹೆಜ್ಜೆ ಇಟ್ಟ ಮಾಲೆಯ ಮೇಲಿನ ಈ ಗ್ರಂಥಗಳು ಬಂದದ್ದು ಇಂಗ್ಲಿಷಿನಲ್ಲಿ. ಅದು ನನ್ನನ್ನು ನೋಯಿಸುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಬಲವಾದದ್ದು. ಆಯುಷ್ಯ ಚಿಕ್ಕದು, ಗ್ರಂಥಗಳು ಅಪಾರ. ಒಳ್ಳೆಯದನ್ನು ಆರಿಸಿ ಮುಂದಿನವರಿಗೆ ಒಪ್ಪಿಸುವುದೇ ಪ್ರಾಧ್ಯಾಪಕನ ಕೆಲಸ. ಯೇಲ್ ವಿಶ್ವವಿದ್ಯಾಲಯದ ಹೆರಾಲ್ಡ್ ಬ್ಲೂಮ್ 2000ದಲ್ಲಿ ಹ್ಯಾರಿ ಪಾಟರ್ ಕುರಿತು ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದಾಗ ನಿಂತದ್ದು ಈ ನೆಲೆಯಲ್ಲಿ. ಕೋಟಿಗಟ್ಟಲೆ ಜನ ಕೊಂಡರೆಂದು ಪುಸ್ತಕ ಒಳ್ಳೆಯದಾಗುವುದಿಲ್ಲ ಎಂದರು. ಅದರ ಸವಕಲು ನುಡಿಗಟ್ಟುಗಳನ್ನು ಎತ್ತಿ ತೋರಿಸಿದರು. ಮಾರಾಟದ ಸಂಖ್ಯೆ ಗುಣದ ಅಳತೆಯಲ್ಲ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಪುಸ್ತಕ ಓದಿ, ಅದರ ಭಾಷೆಯನ್ನು ಪರೀಕ್ಷಿಸಿ, ಕೊರತೆ ಇಂಥಲ್ಲಿದೆ ಎಂದು ಬೆರಳಿಟ್ಟು ತೋರಿಸಿದ ಬ್ಲೂಮ್ ಮಾಡಿದ್ದು ಅಧ್ಯಯನವನ್ನೇ ಅಲ್ಲವೆ? ಅವರ ತೀರ್ಪು ಸರಿಯೇ ತಪ್ಪೇ ಎಂದು ಇನ್ನೊಬ್ಬರು ವಾದಿಸಬೇಕಾದರೆ ಅವರೂ ಓದಬೇಕು. ಆರಿಸುವುದು ವಿಮರ್ಶಕನ ಕೆಲಸ ಎಂದರೆ, ಆರಿಸುವ ಮುಂಚೆ ರಾಶಿಯನ್ನು ನೋಡಿರಬೇಕು. ಕಣದಲ್ಲಿ ತೂರದೆ ಕಾಳು ಯಾವುದು ಜೊಳ್ಳು ಯಾವುದು ಎಂದು ಯಾರಿಗೂ ತಿಳಿಯುವುದಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ಗರತಿಯ ಹಾಡು ಎಂಬ ಜನಪದ ಗೀತೆಗಳ ಸಂಕಲನವನ್ನು ಅಚ್ಚು ಹಾಕಿಸಿದಾಗ ಬೀಸುವ ಕಲ್ಲಿನ ಮುಂದಿನ ಹಾಡು ಕಾವ್ಯವೆಂದು ಎಲ್ಲರೂ ಒಪ್ಪಿದ ಕಾಲವಾಗಿರಲಿಲ್ಲ. ಅವರು ಕೇಳಿದರು, ಬರೆದುಕೊಂಡರು. ಬೆಲೆ ಆಮೇಲೆ ಕಂಡಿತು. ಇಂದು ಜಾನಪದ ನಮ್ಮಲ್ಲಿ ಒಂದು ವಿಭಾಗ, ಒಂದು ವಿಶ್ವವಿದ್ಯಾಲಯ. ಷಿಕಾಗೋದ ಎ.ಕೆ. ರಾಮಾನುಜನ್ ಕನ್ನಡದ ಅಡುಗೆಮನೆ ಕಥೆಯೊಂದನ್ನು, ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಕೊಂಡ ಹಂಚಿ ಎಂಬ ಹುಡುಗಿಯ ಕಥೆಯನ್ನು, ಸಿಂಡರೆಲ್ಲಾ ಕಥೆಯ ಜಗತ್ತಿನ ರೂಪಾಂತರಗಳ ನಡುವೆ ತಂದಿಟ್ಟು ವಿವೇಚಿಸಿದರು. ಮಕ್ಕಳಿಗೆ ಉಣಿಸುತ್ತಾ ಹೇಳಿದ ಕಥೆ ಅದು. ಬಾಯಿಂದ ಬಂದರೆ ವಿದ್ವತ್ತಿಗೆ ಅರ್ಹ, ಅಚ್ಚಾಗಿ ಅಂಗಡಿಗೆ ಬಂದರೆ ಅನರ್ಹ ಎಂದು ಯಾವ ತರ್ಕದಿಂದ ಹೇಳೋಣ?

ಪ್ರಾಧ್ಯಾಪಕರೇ ಯಾಕೆ, ಈ ಕೆಲಸವನ್ನು ಶಿಕ್ಷಣಶಾಸ್ತ್ರದವರೋ ಮನಶ್ಶಾಸ್ತ್ರದವರೋ ಮಾಡಲಿ ಎನ್ನುವವರಿದ್ದಾರೆ. ಅವರೂ ಮಾಡಲಿ. ಆದರೆ ಗ್ರಂಥಸಂಪಾದನೆ ಸಾಹಿತ್ಯದವರ ವಿದ್ಯೆ, ಈಗ ಅದರ ಅಗತ್ಯ ತುಂಬ ಇದೆ. ಇಂಗ್ಲೆಂಡಿನಲ್ಲಿ ಎನಿಡ್ ಬ್ಲೈಟನ್ ಅವರ ಮಕ್ಕಳ ಸಾಹಸ ಕಥೆಗಳ ಭಾಷೆಯನ್ನು 2010ರಲ್ಲಿ ಪ್ರಕಾಶಕರು ಕಾಲಕ್ಕೆ ತಕ್ಕಂತೆ ತಿದ್ದಿದರು. ಓದುಗರು ಒಪ್ಪಲಿಲ್ಲ, 2016ರಲ್ಲಿ ಹಳೆಯ ಪಾಠಕ್ಕೇ ಹಿಂದಿರುಗಿದರು. 2023ರಲ್ಲಿ ರೋಆಲ್ಡ್ ಡಾಲ್ ಅವರ ಪುಸ್ತಕಗಳಲ್ಲಿ ನೂರಾರು ಮಾತುಗಳನ್ನು ಬದಲಿಸಿದ ಸುದ್ದಿ ಹೊರಬಿದ್ದು ಗದ್ದಲವಾಯಿತು. ಹಳೆಯ ಪಾಠವನ್ನೂ ಅಚ್ಚಿನಲ್ಲಿ ಇಡುತ್ತೇವೆಂದು ಪ್ರಕಾಶಕರು ಹೇಳಬೇಕಾಯಿತು. ಯಾವುದು ಮೂಲ, ಯಾರು ಯಾವಾಗ ಯಾಕೆ ತಿದ್ದಿದರು, ತಿದ್ದಿದ್ದರಿಂದ ಕಥೆಗೆ ಏನಾಯಿತು? ಪಂಪಭಾರತದ ಓಲೆಪ್ರತಿಗಳ ಮುಂದೆ ನಾವು ಕೇಳುವ ಪ್ರಶ್ನೆಗಳು ಇವೇ. ಕುಮಾರವ್ಯಾಸನ ಒಂದು ಪದ್ಯದ ಪಾಠಾಂತರಕ್ಕೆ ಪುಟಗಟ್ಟಲೆ ಬರೆಯುವ ಶಿಸ್ತು ಇರುವವರು, ಮಗುವಿನ ಕೈಗೆ ಹೋಗುವ ಪುಸ್ತಕದ ಪಾಠಾಂತರವನ್ನು ಮಾರಾಟ ವಿಭಾಗದ ಕೈಗೆ ಬಿಡುವುದು ನ್ಯಾಯವಲ್ಲ.

ಇನ್ನೊಂದು ಆಕ್ಷೇಪಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. 1984ರಲ್ಲಿ ಜಾಕ್ವೆಲಿನ್ ರೋಸ್ ಪೀಟರ್ ಪ್ಯಾನ್ ಕಥೆಯನ್ನು ಹಿಡಿದು ಒಂದು ಕಠಿಣ ವಾದ ಮುಂದಿಟ್ಟರು. ಮಕ್ಕಳ ಕಥೆಯನ್ನು ಬರೆಯುವವರು ದೊಡ್ಡವರು, ಅಚ್ಚು ಹಾಕುವವರು ದೊಡ್ಡವರು, ಕೊಂಡು ಕೊಡುವವರು ದೊಡ್ಡವರು. ಅದರೊಳಗಿನ ಮಗು ದೊಡ್ಡವರು ತಮಗಾಗಿ ಕಲ್ಪಿಸಿಕೊಂಡ ಮಗು. ಹಾಗಾದರೆ ಐವತ್ತು ದಾಟಿದ ಪ್ರಾಧ್ಯಾಪಕ ಆ ಕಥೆ ಓದಿ, ಮಗುವಿನ ಮನಸ್ಸಿನಲ್ಲಿ ಹೀಗಾಗುತ್ತದೆ ಎಂದರೆ ನಂಬುವುದು ಹೇಗೆ? ಬೇತಾಳನ ಬಗ್ಗೆ ನಾನು ಮೇಲೆ ಹೇಳಿದ್ದಕ್ಕೂ ಈ ಪ್ರಶ್ನೆ ತಟ್ಟುತ್ತದೆ. ಮಗು ರಾಜನ ಉತ್ತರವನ್ನು ಬಿಟ್ಟು ಬೇತಾಳದ ಹಾರಾಟವನ್ನಷ್ಟೇ ನೆನಪಿಟ್ಟುಕೊಂಡಿರಬಹುದು. ನಾನು ಹೇಳಬಲ್ಲದ್ದು ಇಷ್ಟು: ಪುಟದ ಮೇಲೆ ಏನಿದೆ ಎಂದು ಪ್ರಾಧ್ಯಾಪಕ ಹೇಳಬಲ್ಲ, ಮಗು ಅದರಿಂದ ಏನು ತೆಗೆದುಕೊಂಡಿತು ಎಂದು ಮಗುವನ್ನೇ ಕೇಳಬೇಕು. ಇಂಗ್ಲೆಂಡಿನ ಐಯೋನಾ ಮತ್ತು ಪೀಟರ್ ಓಪಿ ದಂಪತಿ ಶಾಲೆಯ ಮಕ್ಕಳಿಂದಲೇ ಅವರ ಆಟದ ಮಾತು, ಒಗಟು, ಬೈಗುಳಗಳನ್ನು ಸಂಗ್ರಹಿಸಿ 1959ರಲ್ಲಿ ದೊಡ್ಡ ಗ್ರಂಥ ತಂದರು. ಅವರು ಪ್ರಾಧ್ಯಾಪಕರಲ್ಲ. ಮನೆಯಲ್ಲಿ ಕೂಡಿಟ್ಟ ಅವರ ಮಕ್ಕಳ ಪುಸ್ತಕಗಳ ಭಂಡಾರ 1988ರಲ್ಲಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯ ಸೇರಿತು. ವಿಶ್ವವಿದ್ಯಾಲಯ ಕೈಚಾಚುವ ಹೊತ್ತಿಗೆ ಹೊರಗಿನ ಇಬ್ಬರು ಜೀವಮಾನದ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದ್ದರು. ನಮ್ಮಲ್ಲಿ ಹಾಗೆ ಕೂಡಿಟ್ಟವರ ಕಪಾಟುಗಳು ಇನ್ನೂ ಅಲ್ಲಲ್ಲಿ ಇವೆ. ಆ ಕಾಗದ ಬಹಳ ಕಾಲ ಬಾಳುವಂಥದ್ದಲ್ಲ.

ಪಾಠಕ್ಕೆ ಬಂದರೆ ಕಥೆಯ ಸಂತೋಷ ಸತ್ತುಹೋಗುತ್ತದೆ ಎಂಬ ಅಂಜಿಕೆಯೂ ಇದೆ. ಪ್ರಶ್ನೋತ್ತರಕ್ಕೆ ಸಿಕ್ಕಿ ಬಾಡಿದ ಒಳ್ಳೆಯ ಪದ್ಯಗಳನ್ನು ಕಂಡವರಿಗೆ ಈ ಅಂಜಿಕೆ ಸಹಜ. ಆದರೆ ನಾನು ಕೇಳುತ್ತಿರುವುದು ಹತ್ತು ವರ್ಷದ ಮಕ್ಕಳಿಗೆ ಪರೀಕ್ಷೆಯನ್ನಲ್ಲ, ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಒಂದು ಪಠ್ಯಪತ್ರಿಕೆಯನ್ನು. ಅದರಲ್ಲಿ ದುರ್ಗಸಿಂಹ ಇರಲಿ, ಪಂಜೆಯವರಿರಲಿ, ಎಲ್.ಎಸ್. ಶೇಷಗಿರಿರಾಯರು ಸಂಪಾದಿಸಿದ ಭಾರತ ಭಾರತಿಯ ಐನೂರಕ್ಕೂ ಹೆಚ್ಚು ಕಿರುಹೊತ್ತಗೆಗಳಿಂದ ಕೆಲವಿರಲಿ. ಅವು ಜೀವನಚರಿತ್ರೆಗಳಾದರೂ ಮಕ್ಕಳು ಕಥೆಯಂತೆಯೇ ಓದಿದವು, ಜೊತೆಗೆ ಅವುಗಳ ಸಂಪಾದಕರು ಸ್ವತಃ ಇಂಗ್ಲಿಷ್ ಪ್ರಾಧ್ಯಾಪಕರೂ ವಿಮರ್ಶಕರೂ ಆಗಿದ್ದವರು. ಬೆಂಗಳೂರಿನ ಮಕ್ಕಳು ಈಗ ಓದುವ ಇಂಗ್ಲಿಷ್ ಸರಣಿಗಳಲ್ಲಿ ಒಂದಾದರೂ ಇರಲಿ, ಶಿಶುಗೀತೆ ಮುಗಿದು ಕಾದಂಬರಿ ಇನ್ನೂ ಎಟುಕದ ವಯಸ್ಸಿಗೆ ಕನ್ನಡ ಏನು ಕೊಟ್ಟಿತು, ಏನು ಕೊಡದೆ ಹೋಯಿತು ಎಂದು ಹೋಲಿಸಿ ನೋಡುವುದಕ್ಕೆ. ಮತ್ತು ದುರ್ಗಸಿಂಹನ ಪಕ್ಕದಲ್ಲಿ ಬೇತಾಳ ಇರಲಿ. ಮೊದಲ ದಿನ ಒಬ್ಬ ವಿದ್ಯಾರ್ಥಿಗೆ ಚಂದಮಾಮದ ಸಂಪುಟಗಳನ್ನು ಒಪ್ಪಿಸಿ, ಬೇತಾಳ ಕಥೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿಕೊಂಡು ಬಾ, ಅಷ್ಟು ವರ್ಷಗಳಲ್ಲಿ ರಾಜ ಒಂದು ಸಲವಾದರೂ ಉತ್ತರ ತಿಳಿಯದೆ ಸುಮ್ಮನಾದನೇ ನೋಡಿ ಬಂದು ಹೇಳು ಎಂದು ಕಳಿಸಬೇಕು.